ಎರಡಿಂಚಿನ ಮನುಷ್ಯನಿಗೆ ನೆರಳು-ಬೆಳಕು

ಪ್ಲಾಸ್ಟಿಕ್ಕಿನ ಪುಟ್ಟ ಮನುಷ್ಯಾಕೃತಿಯೊಂದಕ್ಕೆ ಬಣ್ಣ ಹಚ್ಚಿ ನೋಡಿ. ಎತ್ತರ ಎರಡೇ ಇಂಚು. ಧೋತ್ರಕ್ಕೆ ಬಿಳಿ, ರುಮಾಲಿಗೆ ಕೆಂಪು, ಮೈಗೆ ಕಂದು, ಮೀಸೆಗೆ ಕಪ್ಪು. ಒಂದು ಬಣ್ಣ ಇನ್ನೊಂದರ ಗಡಿ ದಾಟಿಲ್ಲ, ಎಲ್ಲವೂ ಇರಬೇಕಾದಲ್ಲೇ ಇವೆ. ಆದರೂ ಮೇಜಿನ ಮೇಲಿಟ್ಟರೆ ಅದು ಬಣ್ಣ ಬಳಿದ ಪ್ಲಾಸ್ಟಿಕ್ ತುಂಡಾಗಿಯೇ ಕಾಣುತ್ತದೆ. ಅದೇ ಆಕೃತಿ, ಅದೇ ನಾಲ್ಕು ಬಣ್ಣ ಪಳಗಿದ ಕೈಗೆ ಸಿಕ್ಕರೆ ಹೊಲದಿಂದ ಈಗಷ್ಟೇ ಬಂದ ರೈತ ಎದುರಿಗೆ ನಿಲ್ಲುತ್ತಾನೆ. ಈ ಎರಡರ ನಡುವಿನ ಅಂತರವೆಲ್ಲ ನೆರಳು-ಬೆಳಕಿನದು.

ಟ್ಯಾಂಕು, ರೈಲು, ಗುಡಿ, ಹಳ್ಳಿಮನೆಗಳ ಸಣ್ಣ ಅಳತೆಯ ಮಾದರಿಗಳನ್ನು ಕಟ್ಟುವವರಿಗೆ, ಅವುಗಳ ಪಕ್ಕ ನಿಲ್ಲಿಸುವ ಮನುಷ್ಯಾಕೃತಿಗಳೇ ದೊಡ್ಡ ಸವಾಲು. ಹಲವು ದೇಶಗಳಲ್ಲಿ ಆಕೃತಿಗಳಿಗೆ ಬಣ್ಣ ಹಚ್ಚುವುದೇ ಪ್ರತ್ಯೇಕ ಹವ್ಯಾಸವಾಗಿ ಬೆಳೆದಿದೆ. ಅದನ್ನು ಕಲಿಸುವವರು ಮೊದಲಿಗೇ ಹೇಳಿಕೊಡುವ ಸೂತ್ರ ಒಂದೇ: ಉಬ್ಬಿದ ಕಡೆ ತಿಳಿ, ತಗ್ಗಿದ ಕಡೆ ಗಾಢ, ಎರಡೂ ಒಂದೇ ಬಣ್ಣದ ಏರಿಳಿತ.

ಬೀದರ್ ಜಿಲ್ಲೆಯ ನಾರಾಯಣಪುರದಲ್ಲಿ ಕುಳಿತು ಕುಂಚ ಹಿಡಿಯುವವರಿಗೆ ಈ ಸೂತ್ರ ಹೊರಗಿನದೇನೂ ಅಲ್ಲ. ಊರ ಮಗ್ಗುಲಲ್ಲೇ ಬಸವಕಲ್ಯಾಣವಿದೆ. ಅದು ಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದ ಕಾಲದಲ್ಲಿ, 1129ರ ಸುಮಾರಿಗೆ, ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥ ರಚಿಸಿದ. ಆಡಳಿತ, ಅಡುಗೆ, ಆನೆ, ಆಟಪಾಟ ಎಲ್ಲವನ್ನೂ ನೂರು ಅಧ್ಯಾಯಗಳಲ್ಲಿ ಹಿಡಿದಿಟ್ಟ ಆ ವಿಶ್ವಕೋಶದಲ್ಲಿ ಚಿತ್ರಕಲೆಗೂ ವಿಸ್ತಾರವಾದ ಜಾಗವಿದೆ. ಉನ್ನತ ಜಾಗಕ್ಕೆ ಉಜ್ವಲ ವರ್ಣ, ನಿಮ್ನ ಜಾಗಕ್ಕೆ ಶ್ಯಾಮಲ ವರ್ಣ, ಒಂದೇ ಬಣ್ಣವನ್ನು ತಾರತಮ್ಯದಿಂದ ಹಚ್ಚಬೇಕು ಎಂಬ ನಿಯಮ ಅಲ್ಲಿ ಸ್ಪಷ್ಟವಾಗಿದೆ. ಸೋಮೇಶ್ವರನ ಮಾತು ಸಮತಟ್ಟಾದ ಗೋಡೆಯ ಮೇಲಿನ ಚಿತ್ರಕ್ಕೆ ಸಂಬಂಧಿಸಿದ್ದು. ಎರಡಿಂಚಿನ ಆಕೃತಿಗೆ ಉಬ್ಬುತಗ್ಗುಗಳು ತಾವಾಗಿಯೇ ಇರುತ್ತವೆ. ಹಾಗಿದ್ದೂ ಗೋಡೆಯ ನಿಯಮ ಅದಕ್ಕೇಕೆ ಬೇಕಾಗುತ್ತದೆ?

ಅಳತೆಯ ಲೆಕ್ಕ

ಉತ್ತರ ಅಳತೆಯಲ್ಲಿದೆ. ಮಾದರಿಗಳ ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಗಳಲ್ಲೊಂದು 1/35. ಅಂದರೆ ನಿಜದ 35 ಸೆಂಟಿಮೀಟರ್ ಮಾದರಿಯಲ್ಲಿ 1 ಸೆಂಟಿಮೀಟರ್. 175 ಸೆಂ.ಮೀ. ಎತ್ತರದ ಮನುಷ್ಯ ಇಲ್ಲಿ 5 ಸೆಂ.ಮೀ. ಆಗುತ್ತಾನೆ, ಅಂದರೆ ಎರಡಿಂಚಿಗೆ ಕೂದಲೆಳೆಯಷ್ಟು ಕಡಿಮೆ. ವಿಮಾನದ ಮಾದರಿಗಳಲ್ಲಿ ಬಳಸುವ 1/72ರಲ್ಲಿ ಅವನೇ 24 ಮಿಲಿಮೀಟರ್, ರೈಲು ಮಾದರಿಗಳ 1/87ರಲ್ಲಿ 20 ಮಿಲಿಮೀಟರ್.

35 ಎಂಬ ಸಂಖ್ಯೆಯನ್ನು ಯಾರೂ ಲೆಕ್ಕ ಹಾಕಿ ಆರಿಸಿದ್ದಲ್ಲ. ಜಪಾನಿನ ತಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಮೋಟರಿನಿಂದ ಓಡುವ ಪ್ಯಾಂಥರ್ ಟ್ಯಾಂಕಿನ ಮಾದರಿ ಮಾಡಿತು. ಒಳಗೆ ಬ್ಯಾಟರಿಗಳು ಹಿಡಿಸುವಷ್ಟು ಅದನ್ನು ದೊಡ್ಡದಾಗಿ ಮಾಡಬೇಕಾಯಿತು. ಆಮೇಲೆ ಅಳೆದಾಗ ಅದು ಸುಮಾರು 1/35 ಬಂತು. ಮುಂದೆ ಅದಕ್ಕೆ ಹೊಂದುವ ಸೈನಿಕರು, ಜೀಪುಗಳು, ಮನೆಗಳು ಬಂದವು, ಬೇರೆ ಕಂಪನಿಗಳೂ ಅದನ್ನೇ ಹಿಡಿದವು. ಅದಕ್ಕೂ ಮುಂಚೆ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ತವರದ ಚಪ್ಪಟೆ ಸೈನಿಕರನ್ನು ಎರಕ ಹೊಯ್ಯುತ್ತಿದ್ದರು. 1893ರಲ್ಲಿ ಇಂಗ್ಲೆಂಡಿನ ವಿಲಿಯಂ ಬ್ರಿಟನ್ ಕಂಪನಿ ಒಳಗೆ ಪೊಳ್ಳಾಗಿರುವ ಸೀಸದ ಸೈನಿಕರನ್ನು ಮಾರುಕಟ್ಟೆಗೆ ತಂದು, ಕಡಿಮೆ ಲೋಹದಲ್ಲಿ ಅಗ್ಗದ ಆಕೃತಿ ಮಾಡಿ ತೋರಿಸಿತು. ಅವಕ್ಕೆ ಹಚ್ಚುತ್ತಿದ್ದದ್ದು ಹೊಳೆಯುವ ಆಟಿಕೆ ಬಣ್ಣ. ನಿಜದ ಬೆಳಕನ್ನು ಅನುಕರಿಸುವ ಹಂಬಲ ಬೆಳೆದದ್ದು ಇಪ್ಪತ್ತನೆಯ ಶತಮಾನದ ಹವ್ಯಾಸಿಗಳ ಕೈಯಲ್ಲಿ.

ಈಗ ಧೋತ್ರದ ಒಂದು ಮಡಿಕೆ ತೆಗೆದುಕೊಳ್ಳಿ. ನಿಜದಲ್ಲಿ ಅದರ ಆಳ 3 ಸೆಂ.ಮೀ. ಇದ್ದರೆ 1/35ರಲ್ಲಿ ಒಂದು ಮಿಲಿಮೀಟರಿಗೂ ಕಡಿಮೆ. ಬಣ್ಣವನ್ನು ತುಸು ದಪ್ಪಗೆ ಹಚ್ಚಿದರೆ ಆ ಮಡಿಕೆ ಅರ್ಧ ತುಂಬಿಯೇ ಹೋಗುತ್ತದೆ. ಜೊತೆಗೆ ನಮ್ಮ ಆಕೃತಿ ನಿಂತಿರುವುದು ಬಿಸಿಲಿನಲ್ಲಲ್ಲ, ಮನೆಯೊಳಗೆ. ಕಿಟಕಿ, ಟ್ಯೂಬ್‌ಲೈಟ್, ಸುಣ್ಣದ ಗೋಡೆ ಎಲ್ಲ ಕಡೆಯಿಂದಲೂ ಬೆಳಕು ಬಂದು ಒಂದರ ನೆರಳನ್ನು ಇನ್ನೊಂದು ಅಳಿಸಿಹಾಕುತ್ತದೆ. ನೆತ್ತಿಯ ಮೇಲೆ ಒಬ್ಬನೇ ಸೂರ್ಯನಿದ್ದರೆ ಬೀಳಬೇಕಾದ ನೆರಳು ಇಲ್ಲಿ ಬೀಳುವುದೇ ಇಲ್ಲ. ಬೀಳದ ಆ ನೆರಳನ್ನು ಬಣ್ಣದಲ್ಲಿ ಬರೆಯಬೇಕು. ಮೂರು ಆಯಾಮದ ಆಕೃತಿಗೂ ಗೋಡೆಚಿತ್ರದ ನಿಯಮ ಬೇಕಾಗುವುದು ಈ ಕಾರಣಕ್ಕೆ.

ಇನ್ನೊಂದು ಲೆಕ್ಕವೂ ಇದೆ. 1/35ರ ಆಕೃತಿಯನ್ನು 30 ಸೆಂ.ಮೀ. ದೂರದಿಂದ ನೋಡಿದರೆ ನಿಜದ ಮನುಷ್ಯನನ್ನು ಹತ್ತೂವರೆ ಮೀಟರ್ ದೂರದಿಂದ ನೋಡಿದಂತಾಯಿತು. ರಸ್ತೆಯ ಆಚೆ ಬದಿಗೆ ನಿಂತವರ ಅಂಗಿಯ ಗುಂಡಿ ಎಷ್ಟು ಕಾಣುತ್ತದೆ? ಕಣ್ಣಿನ ಬಿಳಿ ಎಷ್ಟು ಕಾಣುತ್ತದೆ? ಕಂಡಷ್ಟನ್ನೇ ಬರೆಯಬೇಕು. ಗೊತ್ತಿರುವುದನ್ನೆಲ್ಲ ಬರೆಯಲು ಹೋದಾಗ ಆಕೃತಿ ಗೊಂಬೆಯಾಗಿಬಿಡುತ್ತದೆ.

ಗುಡಿಯ ಗೋಡೆಯೇ ಶಾಲೆ

ಬೆಳಕನ್ನು ಓದುವುದನ್ನು ಕಲಿಯಲು ನಾರಾಯಣಪುರದವರು ದೂರ ಹೋಗಬೇಕಿಲ್ಲ. ಊರಿನ ಶಿವಾಲಯ ಹನ್ನೆರಡನೆಯ ಶತಮಾನದ ಚಾಲುಕ್ಯ ಕೆಲಸ. ಹೊರಗೋಡೆಯ ಸುಂದರಿಯರ ಶಿಲ್ಪಗಳಲ್ಲಿ ಕೊರಳ ಹಾರ, ಸೊಂಟದ ಡಾಬು, ತೊಡೆಯ ಮೇಲಿಳಿದ ಬಟ್ಟೆಯ ಅಂಚು ಎಲ್ಲವನ್ನೂ ಕಲ್ಲಿನಲ್ಲೇ ಬಿಡಿಸಿದ್ದಾರೆ. ಶಿಲ್ಪಿ ಬಣ್ಣದ ನೆರವು ಬಯಸದೆ, ಎಷ್ಟು ಆಳ ಕೊರೆದರೆ ಎಷ್ಟು ನೆರಳು ಬೀಳುತ್ತದೆ ಎಂಬುದನ್ನಷ್ಟೇ ನೆಚ್ಚಿ ಉಳಿ ಹಿಡಿದಿದ್ದಾನೆ.

ಅದೇ ಶಿಲ್ಪವನ್ನು ಬೆಳಿಗ್ಗೆ ಒಮ್ಮೆ, ನಡುಹಗಲಲ್ಲೊಮ್ಮೆ, ಹೊತ್ತು ಇಳಿಯುವಾಗ ಒಮ್ಮೆ ನೋಡಬೇಕು. ನಡುಹಗಲಲ್ಲಿ ಬೆಳಕು ನೇರ ಮೇಲಿನಿಂದ ಸುರಿಯುತ್ತದೆ. ಹಣೆ, ಮೂಗಿನ ತುದಿ, ಭುಜ, ಎದೆಯ ಮೇಲ್ಭಾಗ ಬೆಳಗುತ್ತವೆ. ಕಣ್ಣಿನ ಗೂಡು, ಗದ್ದದ ಕೆಳಗು, ಕಂಕುಳು ಕಪ್ಪಾಗುತ್ತವೆ. ಓರೆ ಬಿಸಿಲು ಬಿದ್ದಾಗ ಒಂದು ಪಕ್ಕವೇ ಮುಳುಗಿ, ಹಾರದ ಒಂದೊಂದು ಮಣಿಗೂ ಒಂದೊಂದು ನೆರಳು ಹುಟ್ಟುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದು ಅದನ್ನು ಕಪ್ಪು-ಬಿಳುಪಿಗೆ ತಿರುಗಿಸಿದರೆ ಬೆಳಕಿನ ನಕ್ಷೆಯೇ ಕೈಗೆ ಬರುತ್ತದೆ. ಎಲ್ಲಿ ಅತಿ ತಿಳಿ, ಎಲ್ಲಿ ಅತಿ ಗಾಢ, ಎಲ್ಲಿ ಒಂದು ಇನ್ನೊಂದರಲ್ಲಿ ಮೆಲ್ಲಗೆ ಕರಗುತ್ತದೆ, ಎಲ್ಲಿ ಕತ್ತರಿಸಿದಂತೆ ಬದಲಾಗುತ್ತದೆ ಎಂಬುದನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ದುಂಡಗಿನ ತೋಳಿನಲ್ಲಿ ನೆರಳು ಕರಗುತ್ತದೆ, ಡಾಬಿನ ಅಂಚಿನಲ್ಲಿ ಅದು ಥಟ್ಟನೆ ನಿಲ್ಲುತ್ತದೆ. ಕುಂಚ ಹಿಡಿದಾಗ ಮಾಡಬೇಕಾದ ನಿರ್ಧಾರಗಳೆಲ್ಲ ಇವೇ.

ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಗುಡಿಗೂ ಹೋಗಿಬನ್ನಿ. ಅಲ್ಲಿ ಕಲ್ಲಿನ ಮೇಲೆ ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಅವಳು ಬರೆಯುತ್ತಿರುವುದು 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ಅವನೇ ಸೋಮೇಶ್ವರನ ತಂದೆ. ಮಾದರಿ ಕಲಾವಿದನಿಗೆ ಈ ಶಿಲ್ಪದಲ್ಲಿ ಬೇರೊಂದು ಪಾಠವಿದೆ. ಅವಳ ಮೈ ಬಳುಕಿದ್ದರೂ ನೋಡುವವರ ಕಣ್ಣು ಮೊದಲು ಹೋಗುವುದು ಬರೆಯುವ ಕೈಗೆ. ಎರಡಿಂಚಿನ ಆಕೃತಿಯಲ್ಲೂ ನೋಟ ಎಲ್ಲಿ ನಿಲ್ಲಬೇಕೆಂದು ಮೊದಲೇ ಗೊತ್ತುಮಾಡಿಕೊಂಡು, ಅತಿ ತಿಳಿಯೂ ಅತಿ ಗಾಢವೂ ಎದುರುಬದುರಾಗುವ ಜಾಗವನ್ನು ಅಲ್ಲಿಯೇ ಇಡಬೇಕು. ಸಾಮಾನ್ಯವಾಗಿ ಅದು ಮುಖ. ನೇಯುವವನಾದರೆ, ಬರೆಯುವವಳಾದರೆ, ಕೈ.

ಸಾಮಾನು ಮತ್ತು ಹದ

ದುಬಾರಿ ಸಾಮಾನಿಲ್ಲದೆ ಈ ಕೆಲಸ ಆಗದು ಎಂಬ ಭಯ ಬೇಡ. ವ್ಯಾಲೆಹೋ, ಸಿಟಡೆಲ್ ಮೊದಲಾದ ವಿದೇಶಿ ಬಣ್ಣಗಳನ್ನು ಆಕೃತಿಗಳಿಗೆಂದೇ ತಯಾರಿಸುತ್ತಾರೆ. ಅವುಗಳ ಕಣ ನುಣುಪು, ಒಣಗಿದ ಮೇಲೆ ಹೊಳಪಿರುವುದಿಲ್ಲ. ಕಲಿಯುವ ಹಂತದಲ್ಲಿ ತಾಲ್ಲೂಕು ಪೇಟೆಯ ಸ್ಟೇಷನರಿ ಅಂಗಡಿಯ ಅಕ್ರಿಲಿಕ್ ಟ್ಯೂಬುಗಳು ಸಾಕು. ಬಿಳಿ, ಕಪ್ಪು, ಯೆಲ್ಲೊ ಓಕರ್, ಬರ್ಂಟ್ ಸಿಯೆನ್ನಾ, ಬರ್ಂಟ್ ಅಂಬರ್, ಅಲ್ಟ್ರಾಮರೀನ್ ನೀಲಿ, ಒಂದು ಕೆಂಪು, ಒಂದು ಹಳದಿ ಇದ್ದರೆ ಉಳಿದುದೆಲ್ಲ ಬೆರಕೆಯಿಂದ ಹುಟ್ಟುತ್ತದೆ. ಸೋಮೇಶ್ವರನ ಬಳಿಯೂ ಮೂಲ ಬಣ್ಣಗಳು ಕೆಲವೇ: ಶಂಖದ ಬಿಳಿ, ಅರಗಿನ ಕೆಂಪು, ಕಾವಿಕಲ್ಲು, ಹರಿತಾಳದ ಹಳದಿ, ಕಾಡಿಗೆಯ ಕಪ್ಪು. ಶಂಖದ ಬಿಳಿಗೆ ಕಾಡಿಗೆ ಸೇರಿಸಿದರೆ ಹೊಗೆಬಣ್ಣ, ನೀಲಿಗೆ ಹರಿತಾಳ ಸೇರಿಸಿದರೆ ಹಸಿರು ಎಂದು ಬೆರಕೆಗಳನ್ನೂ ಆತ ವಿವರಿಸುತ್ತಾನೆ.

ಕುಂಚದ ವಿಷಯದಲ್ಲಿ ಹೊಸಬರು ಅಂಗಡಿಯ ಅತಿ ಸಣ್ಣ ನಂಬರಿಗೆ ಕೈ ಹಾಕುತ್ತಾರೆ. ನಾಲ್ಕು ಕೂದಲಿನ ಕುಂಚದಲ್ಲಿ ಬಣ್ಣ ನಿಲ್ಲದು, ಆಕೃತಿ ಮುಟ್ಟುವಷ್ಟರಲ್ಲಿ ಒಣಗಿರುತ್ತದೆ. 1 ಅಥವಾ 2ನೇ ನಂಬರಿನ ದುಂಡು ಕುಂಚ, ಹೊಟ್ಟೆ ತುಂಬ ಬಣ್ಣ ಹಿಡಿದು ತುದಿ ಮಾತ್ರ ಚೂಪಾಗಿರುವಂಥದ್ದು, ಕಣ್ಣು ಬರೆಯುವುದಕ್ಕೂ ಆದೀತು. ಮಾನಸೋಲ್ಲಾಸದಲ್ಲೂ ದಪ್ಪ, ಮಧ್ಯಮ, ಸಣ್ಣ ಎಂಬ ಮೂರು ಬಗೆಯ ಲೇಖನಿಗಳಿವೆ. ಕರುವಿನ ಕಿವಿಯ ಕೂದಲನ್ನು ಅರಗಿನಿಂದ ಅಂಟಿಸಿ ಅವನ್ನು ಮಾಡುತ್ತಿದ್ದರು.

ನೀರಿನ ಹದ ಎಲ್ಲಕ್ಕಿಂತ ಮುಖ್ಯ. ಬಣ್ಣ ಹಾಲಿನಷ್ಟು ತೆಳುವಾಗಿರಬೇಕು. ಮೊದಲ ಪದರದಲ್ಲಿ ಅಡಿಯ ಬಣ್ಣ ಇಣುಕಿದರೆ ಇಣುಕಲಿ. ಅದು ಪೂರ್ತಿ ಒಣಗಿದ ಮೇಲೆ ಎರಡನೆಯದು, ಆಮೇಲೆ ಮೂರನೆಯದು. ನಮ್ಮ ಕಡೆಯ ಬೇಸಿಗೆಯಲ್ಲಿ ಇದಕ್ಕೊಂದು ತೊಡಕಿದೆ. ಏಪ್ರಿಲ್-ಮೇನಲ್ಲಿ ಬಿಸಿಲು 40 ಡಿಗ್ರಿ ಮುಟ್ಟಿದಾಗ, ಮೇಲೆ ಫ್ಯಾನು ತಿರುಗುತ್ತಿದ್ದರೆ ಅಕ್ರಿಲಿಕ್ ಬಣ್ಣ ಕುಂಚದಲ್ಲೇ ಗಟ್ಟಿಯಾಗುತ್ತದೆ. ಮುಚ್ಚಳವಿರುವ ಚಪ್ಪಟೆ ಡಬ್ಬಿಯಲ್ಲಿ ತೆಳು ಸ್ಪಂಜು ಹಾಸಿ, ನೀರು ಉಣಿಸಿ, ಮೇಲೆ ಬೇಕಿಂಗ್ ಕಾಗದ ಹರಡಿ ಅದರ ಮೇಲೆ ಬಣ್ಣ ಕಲಸಿಕೊಂಡರೆ ತೇವ ಕೆಳಗಿನಿಂದ ಏರುತ್ತ ಇಡೀ ದಿನ ಬಣ್ಣ ಹಸಿಯಾಗಿರುತ್ತದೆ.

ಬಣ್ಣಕ್ಕೂ ಮುಂಚೆ ಆಕೃತಿಯನ್ನು ಅಣಿಗೊಳಿಸಬೇಕು. ಅಚ್ಚಿನ ಎರಡು ಹೋಳು ಕೂಡಿದ ಕಡೆ ಎದ್ದಿರುವ ಸಣ್ಣ ಗೆರೆಯನ್ನು ಬ್ಲೇಡಿನಿಂದ ಕೆರೆದು ತೆಗೆಯಿರಿ. ಇಲ್ಲದಿದ್ದರೆ ಅದು ಮುಖದ ನಡುವೆ ಗಾಯದ ಗುರುತಾಗಿ ಉಳಿಯುತ್ತದೆ. ಸೋಪಿನ ನೀರಿನಲ್ಲಿ ತೊಳೆದು ಅಚ್ಚಿನ ಜಿಡ್ಡು ತೆಗೆದು, ಖಾಲಿ ಔಷಧಿ ಬಾಟಲಿಯ ಮುಚ್ಚಳಕ್ಕೆ ಅಂಟಿಸಿಕೊಂಡರೆ ಆಕೃತಿಯನ್ನು ಮುಟ್ಟದೆಯೇ ತಿರುಗಿಸಬಹುದು. ಆಮೇಲೆ ಪ್ರೈಮರ್, ಅಂದರೆ ಬಣ್ಣ ಹಿಡಿದುಕೊಳ್ಳುವ ಅಡಿಪದರ. ಕಿನ್ನಾಳದ ಚಿತ್ರಗಾರರು ಮರದ ಗೊಂಬೆಗೆ ಹುಣಸೆಬೀಜದ ಅಂಟಿನ ಲೇಪ, ಅದರ ಮೇಲೆ ಬಿಳಿಯ ಲೇಪ ಕೊಟ್ಟ ನಂತರವೇ ಬಣ್ಣಕ್ಕೆ ಇಳಿಯುವುದು ಇದೇ ಕಾರಣಕ್ಕೆ. ಬಣ್ಣಕ್ಕೆ ಹಿಡಿದುಕೊಳ್ಳಲು ನೆಲ ಬೇಕು.

ಪ್ರೈಮರಿನಲ್ಲೇ ಅರ್ಧ ಪಾಠ ಕಲಿಸುವ ಉಪಾಯವೊಂದಿದೆ. ಇಡೀ ಆಕೃತಿಗೆ ಮೊದಲು ಕಪ್ಪು ಸ್ಪ್ರೇ ಹೊಡೆಯಿರಿ. ಒಣಗಿದ ಮೇಲೆ ತಲೆಯ ಮೇಲಿನಿಂದ ಮಾತ್ರ ಹಗುರವಾಗಿ ಬಿಳಿ ಹೊಡೆಯಿರಿ. ಸೂರ್ಯ ನೆತ್ತಿಯ ಮೇಲಿದ್ದರೆ ಬೆಳಕು ಎಲ್ಲೆಲ್ಲಿ ಬೀಳುತ್ತಿತ್ತೋ ಅಲ್ಲೆಲ್ಲ ಬಿಳಿ ಕೂರುತ್ತದೆ, ಉಳಿದೆಡೆ ಕಪ್ಪು ಉಳಿಯುತ್ತದೆ. ಮುಂದಿನ ಕೆಲಸಕ್ಕೆಲ್ಲ ಇದೇ ನಕ್ಷೆ.

ಬಿಳಿ ಧೋತ್ರದ ಪರೀಕ್ಷೆ

ನಮ್ಮ ಭಾಗದ ರೈತನ ಆಕೃತಿಯಲ್ಲಿ ಕೈ ಪಳಗಿದೆಯೇ ಇಲ್ಲವೇ ಎಂದು ತೋರಿಸುವುದು ಬಿಳಿ ಧೋತ್ರ. ಟ್ಯೂಬಿನ ಬಿಳಿಯನ್ನೇ ಬಳಿದರೆ ಅದಕ್ಕಿಂತ ತಿಳಿಯಾದ ಬಣ್ಣ ಇನ್ನೊಂದಿಲ್ಲದೆ, ಉಬ್ಬುಗಳನ್ನು ಬೆಳಗಿಸಲು ಏನೂ ಉಳಿಯುವುದಿಲ್ಲ. ಆದ್ದರಿಂದ ಕೆಳಗಿನಿಂದ ಹೊರಡಬೇಕು. ಬಿಳಿಗೆ ತುಸು ಓಕರ್, ಸೂಜಿಮೊನೆಯಷ್ಟು ಕಪ್ಪು ಬೆರೆಸಿ ಕೋರಾ ಬಟ್ಟೆಯ ಬಣ್ಣ ಮಾಡಿಕೊಂಡು ಅದನ್ನು ಇಡೀ ಧೋತ್ರಕ್ಕೆ ಹಚ್ಚಬೇಕು.

ಎರಡನೆಯ ಹೆಜ್ಜೆ ನೆರಳು. ಅದೇ ಬೆರಕೆಗೆ ಅಲ್ಟ್ರಾಮರೀನ್ ನೀಲಿ ಮತ್ತು ಅಂಬರ್ ಸೇರಿಸಿ ನೀಲಿ ಛಾಯೆಯ ಬೂದುಬಣ್ಣ ಮಾಡಿಕೊಳ್ಳಿ. ನೀಲಿ ಏಕೆಂದರೆ, ಬಯಲಿನಲ್ಲಿ ಬಿಸಿಲು ಮುಟ್ಟದ ಜಾಗವನ್ನು ಬೆಳಗುವುದು ಆಕಾಶ. ಈ ಬಣ್ಣವನ್ನು ತೆಳ್ಳಗೆ ಮಾಡಿ ಮಡಿಕೆಗಳ ಒಳಗೆ ಎಳೆಯಬೇಕು. ಕುಂಚವನ್ನು ಎತ್ತುವ ಕಡೆ ಬಣ್ಣ ಹೆಚ್ಚು ಶೇಖರವಾಗುವುದರಿಂದ, ಎಳೆತ ಬೆಳಕಿನಿಂದ ಆಳದ ಕಡೆಗೆ ಹೋಗಿ ಆಳದಲ್ಲೇ ಮುಗಿಯಬೇಕು. ಕಾಲುಗಳ ನಡುವಿನ ಕಚ್ಚೆ, ಮೊಣಕಾಲಿನ ಹಿಂಭಾಗ, ಸೊಂಟದ ಗಂಟಿನ ಕೆಳಗು, ಇಲ್ಲಿ ಇನ್ನೂ ಒಂದು ಪದರ ಗಾಢ.

ಮೂರನೆಯದು ಬೆಳಕು. ಮೂಲ ಬೆರಕೆಗೆ ಬಿಳಿ ಸೇರಿಸುತ್ತ ಸೇರಿಸುತ್ತ ಪ್ರತಿ ಪದರವನ್ನೂ ಹಿಂದಿನದಕ್ಕಿಂತ ಕಿರಿದಾದ ಜಾಗಕ್ಕೆ ಹಚ್ಚುತ್ತ ಹೋಗಿ. ಅಪ್ಪಟ ಬಿಳಿ ಬರುವುದು ಕೊನೆಗೆ, ಮುಂದೆ ಬಂದ ಮೊಣಕಾಲಿನ ಮೇಲೆ, ತೊಡೆಯ ಮೇಲಿನ ಒಂದೆರಡು ಮಡಿಕೆಗಳ ಏಣಿನ ಮೇಲೆ. ಈಗ ದೂರದಿಂದ ನೋಡಿದರೆ ಧೋತ್ರವೆಲ್ಲ ಬಿಳಿಯಾಗಿಯೇ ಕಾಣುತ್ತದೆ, ಅದರಲ್ಲಿ ಬಿಳಿ ಇರುವುದು ಮಾತ್ರ ಅಲ್ಪ. ಪದರಗಳ ನಡುವೆ ಮೆಟ್ಟಿಲು ಕಂಡರೆ ನಡುವಿನ ಬಣ್ಣವನ್ನು ಬಹಳ ತೆಳ್ಳಗೆ ಮಾಡಿ ಮೇಲೆ ಎಳೆದು ಕರಗಿಸಬಹುದು. ಸಣ್ಣ ಚುಕ್ಕೆಗಳಿಂದಲೋ ಒತ್ತೊತ್ತು ಗೆರೆಗಳಿಂದಲೋ ಕರಗಿಸುವವರೂ ಇದ್ದಾರೆ. ಕೋರಾ ಬಟ್ಟೆಯ ಒರಟುತನ ಹಾಗೆ ಚೆನ್ನಾಗಿ ಬರುತ್ತದೆ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ನೆರಳು ಬಿಡಿಸಲು ಹೇಳುವ ಮೂರು ವರ್ತನೆಗಳಲ್ಲಿ ಬಿಂದುಗಳದೂ ಒಂದು.

ಮೈಬಣ್ಣ, ಕಣ್ಣು, ಸೆರಗು

ವಿದೇಶಿ ಕೈಪಿಡಿಗಳು ನಮ್ಮ ಕೈ ಬಿಡುವ ಜಾಗ ಮೈಬಣ್ಣ. ಅಲ್ಲಿ ಮೈಬಣ್ಣವೆಂದು ಡಬ್ಬಿಯಲ್ಲಿ ಸಿಗುವುದು ಬಹುಪಾಲು ಐರೋಪ್ಯರ ಗುಲಾಬಿ. ಬೆಳಕಿಗೆ ಬಿಳಿ ಸೇರಿಸುತ್ತ ಹೋಗಿ ಎಂಬ ಅವರ ಸಲಹೆಯನ್ನು ಕಂದು ಮೈಗೆ ಅನ್ವಯಿಸಿದರೆ ಬೂದಿ ಬಳಿದಂತಾಗುತ್ತದೆ. ನಮ್ಮ ಮೈಗೆ ಬರ್ಂಟ್ ಸಿಯೆನ್ನಾ ಮತ್ತು ಓಕರ್ ಮೂಲ. ಬೆಳಕು ಏರಿಸುವಾಗ ಓಕರ್ ಮತ್ತು ತುಸು ಕಿತ್ತಳೆ ಹೆಚ್ಚಿಸಬೇಕು, ಬಿಳಿಯನ್ನು ಕೊನೆಗೆ ಬೆರಳೆಣಿಕೆಯ ಜಾಗಗಳಿಗೆ ಮಾತ್ರ ಬಿಡಬೇಕು. ನೆರಳಿಗೆ ಅಂಬರ್ ಜೊತೆ ನೇರಳೆ ಛಾಯೆ ಚೆನ್ನಾಗಿ ಕೂರುತ್ತದೆ. ಕಪ್ಪು ಮೈಯಲ್ಲಿ ಹಣೆ, ಕೆನ್ನೆಯೆಲುಬು, ಮೂಗಿನ ತುದಿಗಳಲ್ಲಿ ಆಕಾಶದ ತಣ್ಣನೆಯ ಮಿನುಗು ಬೀಳುತ್ತದೆ. ಎಳೆ ನೀಲಿ ಬೆರೆತ ಚುಕ್ಕೆಗಳನ್ನು ಅಲ್ಲಿಟ್ಟರೆ ಮುಖಕ್ಕೆ ಬೆವರು ಬಂದುಬಿಡುತ್ತದೆ. ಕೆಳತುಟಿ, ಕಿವಿ, ಬೆರಳಿನ ಗೆಣ್ಣುಗಳಿಗೆ ಕೆಂಪಿನ ಸುಳಿವು ಬೇಕು. ಅಂಗೈ, ಅಂಗಾಲು ತಿಳಿ. ಹೊಲದಲ್ಲಿ ದುಡಿಯುವವನ ಮುಂಗೈ ಗಾಢ, ಅಂಗಿಯ ತೋಳು ಸರಿದ ಕಡೆ ಕಾಣುವ ಚರ್ಮ ಅದಕ್ಕಿಂತ ತಿಳಿ. ಈ ವ್ಯತ್ಯಾಸವನ್ನು ಯಾವ ಕೈಪಿಡಿಯೂ ಹೇಳಿಕೊಡದು, ಕಟ್ಟೆಯ ಮೇಲೆ ಕುಳಿತವರನ್ನು ನೋಡಿ ಕಲಿಯಬೇಕು.

ಇನ್ನು ಕಣ್ಣು. ಕಣ್ಣಿನ ಕರಿಗುಡ್ಡೆಯ ಅಗಲ ನಿಜದಲ್ಲಿ ಸುಮಾರು 12 ಮಿ.ಮೀ. 1/35ರಲ್ಲಿ ಅದು ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗ. ಇದನ್ನು ನಾಲ್ಕು ಹಂತಗಳಲ್ಲಿ ಬರೆಯುತ್ತಾರೆ. ಕಣ್ಣಿನ ಗೂಡಿಗೆ ಗಾಢ ಕಂದು. ಅದರೊಳಗೆ ಅಡ್ಡಲಾಗಿ ಎಳೆ ಬೂದುಬಣ್ಣದ ಸಣ್ಣ ಗೀರು, ಬಿಳಿಯದಲ್ಲ. ನಡುವೆ ಮೇಲಿನಿಂದ ಕೆಳಗೆ ಗಾಢ ಕಂದಿನ ಒಂದು ಕಡ್ಡಿ. ಕೊನೆಗೆ ಮೈಬಣ್ಣದಿಂದ ಮೇಲು ರೆಪ್ಪೆ, ಕೆಳ ರೆಪ್ಪೆಗಳನ್ನು ತಿದ್ದಿ ಮಿಕ್ಕಿದ್ದನ್ನು ಮುಚ್ಚುವುದು. ಕರಿಗುಡ್ಡೆ ಎರಡೂ ರೆಪ್ಪೆಗಳನ್ನು ಮುಟ್ಟಿಕೊಂಡಿರಬೇಕು. ಸುತ್ತಲೂ ಬಿಳಿ ಕಂಡರೆ ದೆವ್ವ ಕಂಡವನ ಮುಖವಾಗುತ್ತದೆ. ನೇರ ಮುಂದೆ ನೋಡುವ ಎರಡು ಕಣ್ಣುಗಳನ್ನು ಹೊಂದಿಸುವುದು ಕಷ್ಟ, ಹೊಸಬರು ಪಕ್ಕಕ್ಕೆ ನೋಡುವ ಕಣ್ಣಿನಿಂದ ಆರಂಭಿಸಿದರೆ ಮೆಳ್ಳಗಣ್ಣು ತಪ್ಪುತ್ತದೆ. ಬಿಸಿಲಿನಲ್ಲಿ ನಿಂತ ರೈತನಿಗಾದರೆ ಕಣ್ಣು ಕಿರಿದಾಗಿರುತ್ತದೆ, ಒಂದು ಗಾಢ ಗೆರೆ ಸಾಕು. ನಮ್ಮ ಸ್ಥಪತಿಗಳು ವಿಗ್ರಹದ ಕಣ್ಣು ತೆರೆಯುವುದು ಕೊನೆಗೆ. ಈ ಹವ್ಯಾಸದಲ್ಲಿ ಬಹಳಷ್ಟು ಜನ ಕಣ್ಣನ್ನೇ ಮೊದಲು ಬರೆಯುತ್ತಾರೆ. ಕೆಟ್ಟರೆ ಒರೆಸಿ ಮತ್ತೆ ಬರೆಯಬಹುದು, ಸುತ್ತಲಿನ ಕೆಲಸ ಹಾಳಾಗುವುದಿಲ್ಲ.

ಇಳಕಲ್ ಸೀರೆಯುಟ್ಟ ಹೆಣ್ಣುಮಗಳ ಆಕೃತಿಯಾದರೆ ಕಂಡಷ್ಟೇ ಬರೆಯಬೇಕೆಂಬ ಲೆಕ್ಕ ಮತ್ತೆ ಎದುರಾಗುತ್ತದೆ. 10 ಸೆಂ.ಮೀ. ಅಗಲದ ದಡಿ ಇಲ್ಲಿ 3 ಮಿಲಿಮೀಟರಿಗೂ ಕಡಿಮೆ. ಸೆರಗಿನ ತೋಪು ತೆನೆಯ ಬಿಳಿ ಹಲ್ಲುಗಳನ್ನು ಒಂದೊಂದಾಗಿ ಬರೆಯಲು ಹೋದರೆ ಕಲಸಿಹೋಗುತ್ತದೆ. ಕೆಂಪು ಸೆರಗಿಗೆ ನೆರಳು-ಬೆಳಕು ಮೊದಲು ಮುಗಿಸಿ, ಅದರ ಮೇಲೆ ಎಳೆ ಬೂದು ಚುಕ್ಕೆಗಳ ಸಾಲು ಇಡಬೇಕು. ಮಡಿಕೆಯ ಆಳಕ್ಕೆ ಇಳಿದಾಗ ಚುಕ್ಕೆಗಳೂ ಮಂಕಾಗಬೇಕು. ವಿನ್ಯಾಸ ಬಟ್ಟೆಯ ಜೊತೆ ನೆರಳಿಗೆ ಹೋದರೆ ಮಾತ್ರ ಅದು ನೇಯ್ದದ್ದೆಂದು ಅನ್ನಿಸುತ್ತದೆ, ಇಲ್ಲವಾದರೆ ಮೇಲೆ ಅಂಟಿಸಿದ ಹಾಗೆ ಕಾಣುತ್ತದೆ.

ಎಲ್ಲ ಮುಗಿದ ಮೇಲೆ ಹೊಳಪಿಲ್ಲದ ವಾರ್ನಿಶ್ ಒಂದು ಪದರ. ಬಟ್ಟೆ, ಮಣ್ಣು, ಚರ್ಮ ಇವ್ಯಾವುವೂ ಹತ್ತು ಮೀಟರ್ ದೂರದಿಂದ ಫಳಫಳ ಹೊಳೆಯುವುದಿಲ್ಲ. ಹೊಳಪು ಬೇಕಾದಲ್ಲಿ, ಹಿತ್ತಾಳೆ ಚೆಂಬಿಗೋ ಬಳೆಗೋ, ಆಮೇಲೆ ಬೇರೆಯಾಗಿ ಕೊಡಬಹುದು. ಸೋಮೇಶ್ವರನ ಚಿತ್ರಕಾರರು ಚಿನ್ನದ ಬಣ್ಣ ಹಚ್ಚಿದ ಜಾಗವನ್ನು ಹಂದಿಯ ಕೋರೆಯಿಂದ ಉಜ್ಜಿ ಮಿನುಗಿಸುತ್ತಿದ್ದರು.

ಒಂದು ಎಚ್ಚರಿಕೆ. ಕುಂಚದ ತುದಿ ಚೂಪು ಮಾಡಲು ಬಾಯಿಗೆ ಹಾಕುವ ಚಾಳಿ ಬೇಡ. ಹಳೆಯ ಹರಿತಾಳದಲ್ಲಿದ್ದದ್ದು ಆರ್ಸೆನಿಕ್, ಇಂಗಲೀಕವೆಂಬ ಕೆಂಪಿನಲ್ಲಿದ್ದದ್ದು ಪಾದರಸ. ಇಂದಿನ ಬಣ್ಣಗಳು ಅಷ್ಟು ವಿಷವಲ್ಲದಿದ್ದರೂ ಎಲ್ಲವೂ ನಿರಪಾಯವಲ್ಲ. ರೆಸಿನ್ ಆಕೃತಿಗಳನ್ನು ಒಣದಾಗಿ ಉಜ್ಜದೆ ನೀರು ಹಚ್ಚಿ ಉಜ್ಜಿ, ಮೂಗಿಗೆ ಮಾಸ್ಕ್ ಇರಲಿ. ಹಳೆಯ ಸೀಸದ ಸೈನಿಕರು ಮಕ್ಕಳ ಕೈಗೆ ಹೋಗದಿರಲಿ.

ಕಾಯಕದ ಗುರುತು

ಬಣ್ಣ ಕೂತ ಮೇಲೆ ಏಳುವ ಪ್ರಶ್ನೆ, ಯಾರನ್ನು ಬರೆಯುವುದು? ಅಂಗಡಿಗಳಲ್ಲಿ 1/35ರಲ್ಲಿ ಸಿಗುವುದು ಬಹುಪಾಲು ಎರಡನೆಯ ಮಹಾಯುದ್ಧದ ಸೈನಿಕರು. ಬಸವಕಲ್ಯಾಣದ ಸುತ್ತಲಿನವರಿಗೆ ಅದಕ್ಕಿಂತ ಹತ್ತಿರದ ವಿಷಯ ಕಣ್ಣೆದುರಿಗೇ ಇದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸೇರಿದ ಶರಣರನ್ನು ಅವರವರ ಕಾಯಕದಿಂದಲೇ ಗುರುತಿಸುತ್ತೇವೆ. ಬಟ್ಟೆ ಮಡಿ ಮಾಡುವ ಮಡಿವಾಳ ಮಾಚಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಚಪ್ಪಲಿ ಹೊಲಿಯುವ ಹರಳಯ್ಯ, ಅಕ್ಕಿ ಆಯುವ ಆಯ್ದಕ್ಕಿ ಲಕ್ಕಮ್ಮ. ಮಾದರಿ ಕಲಾವಿದನಿಗೆ ಇದಕ್ಕಿಂತ ಒಳ್ಳೆಯ ಸರಣಿ ಬೇಕೆ?

ಪ್ರತಿ ಕಾಯಕವೂ ಮೈಯ ಮೇಲೆ ಗುರುತು ಬಿಡುತ್ತದೆ, ಪ್ರತಿ ಗುರುತಿಗೂ ಬಣ್ಣದಲ್ಲೊಂದು ಉಪಾಯವಿದೆ. ಮಾಚಯ್ಯನ ಧೋತ್ರದ ಅಂಚು ನೆನೆದಿರುತ್ತದೆ. ನೆನೆದ ಬಟ್ಟೆ ಒಣ ಬಟ್ಟೆಗಿಂತ ಗಾಢ, ತುಸು ಹೊಳಪು, ಮೈಗೆ ಅಂಟಿಕೊಂಡಿರುತ್ತದೆ. ಅದೇ ಬಣ್ಣವನ್ನು ಎರಡು ಮೆಟ್ಟಿಲು ಇಳಿಸಿ, ಆ ಭಾಗಕ್ಕೆ ಮಾತ್ರ ಅರೆಹೊಳಪಿನ ವಾರ್ನಿಶ್ ಕೊಟ್ಟರೆ ನೀರು ಬರುತ್ತದೆ. ಚಂದಯ್ಯನ ಅಂಗೈಯಲ್ಲಿ ನಾರಿನ ಧೂಳು, ಹರಳಯ್ಯನ ಬೆರಳಿನಲ್ಲಿ ಚರ್ಮ ಹದ ಮಾಡಿದ ಕಂದು. ಲಕ್ಕಮ್ಮನ ಸೆರಗಿನ ತುದಿಯಲ್ಲಿ ಮಣ್ಣು. ಆ ಮಣ್ಣಿನ ಬಣ್ಣವನ್ನೇ ಅವಳ ಪಾದಕ್ಕೂ ಅಡಿಯ ನೆಲಕ್ಕೂ ಬಳಸಿದರೆ ಆಕೃತಿ ನೆಲಕ್ಕೆ ಊರಿ ನಿಲ್ಲುತ್ತದೆ. ಬೇರೆ ಬೇರೆಯಾಗಿ ಬರೆದ ಹತ್ತು ಆಕೃತಿಗಳನ್ನು ಒಂದೇ ಜಾಗದವರನ್ನಾಗಿ ಮಾಡುವುದು ಕಾಲಿಗೆ ಮೆತ್ತಿದ ಈ ಧೂಳು.

ಉಡುಪಿನ ವಿಷಯದಲ್ಲಿ ಕ್ಯಾಲೆಂಡರ್ ಚಿತ್ರಗಳನ್ನು ನಂಬಬಾರದು. ಗುಡಿಯ ಶಿಲ್ಪ, ಊರ ಹೊರಗಿನ ವೀರಗಲ್ಲುಗಳಲ್ಲಿ ಆ ಕಾಲದ ತುರುಬು, ಒಡವೆ, ಕಚ್ಚೆ, ಕತ್ತಿ ಸಿಗುತ್ತವೆ. ಗುಡಿಯ ಗೋಡೆಯ ಸುಂದರಿಯರು ಆದರ್ಶದ ರೂಪಗಳು, ಅವರ ಒಡವೆಗಳನ್ನು ಹಾಗೆಯೇ ತಂದು ಕೂಲಿಯವಳಿಗೆ ತೊಡಿಸುವಂತಿಲ್ಲ ಎಂಬ ವಿವೇಕವೂ ಬೇಕು. ಬಣ್ಣಗಳನ್ನು ನೀಲಿ, ಮಂಜಿಷ್ಠ, ಅರಿಸಿನ, ಅರಗು, ಕುಸುಬೆ ಇಷ್ಟರೊಳಗೆ ಹಿಡಿದಿಡಿ. ಬಣ್ಣ ಕಾಣದ ಕೋರಾ ಬಟ್ಟೆ ಹೆಚ್ಚಿರಲಿ. ಹಿನ್ನೆಲೆಯಲ್ಲಿ ಕೆಂಪು ಮೆಣಸಿನಕಾಯಿ ಒಣಹಾಕಿದರೆ ಚಿತ್ರ ಚೆಂದ, ಕಾಲ ತಪ್ಪು. ಮೆಣಸಿನಕಾಯಿ, ಮೆಕ್ಕೆಜೋಳ, ಶೇಂಗಾ, ತಂಬಾಕು, ಬೇಲಿಯ ಪಾಪಸುಕಳ್ಳಿ ಎಲ್ಲವೂ ಅಮೆರಿಕ ಖಂಡದವು, 1492ರ ನಂತರ ಬಂದವು. ಜೋಳ ಇರಲಿ, ಎಳ್ಳು ಇರಲಿ.

ಇಂಥ ಆಕೃತಿಗಳು ಅಂಗಡಿಯಲ್ಲಿ ಸಿಗುವುದು ದುರ್ಲಭ, ಆದ್ದರಿಂದ ನಾವೇ ಮಾಡಿಕೊಳ್ಳಬೇಕು. ತಂತಿಯ ಎಲುಬುಗೂಡಿಗೆ ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್ ಹಚ್ಚಿ, ಗಟ್ಟಿಯಾಗುವ ಮೊದಲು ಸೂಜಿಯಿಂದ ಮಡಿಕೆ ಎಳೆಯುತ್ತ ಬಂದರೆ ಒರಟಾದರೂ ಒಂದು ಮೈ ಸಿದ್ಧವಾಗುತ್ತದೆ. ಇದೂ ನಮ್ಮ ಕೈಗೆ ಅಪರಿಚಿತವಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಸುಣ್ಣ-ಕೆಮ್ಮಣ್ಣು ಬಳಿದ ಮಕ್ಕಳು, ಮಣ್ಣಿನ ಗುಳ್ಳವ್ವನಿಗೆ ಗುಲಗಂಜಿ, ಕುಸುಬೆ ಕಾಳು ಒತ್ತಿದ ಹುಡುಗಿಯರು ಉತ್ತರ ಕರ್ನಾಟಕದ ಮನೆಮನೆಯಲ್ಲೂ ಇದ್ದಾರೆ. ಅವರಿಗೆ ಬೇಕಾಗಿರುವುದು ಕೊನೆಯ ಒಂದು ಮೆಟ್ಟಿಲು, ಉಬ್ಬಿಗೆ ತಿಳಿ, ತಗ್ಗಿಗೆ ಗಾಢ. ಕಲಿಯಲು ಹೊರಡುವವರು ಒಂದೇ ಆಕೃತಿ, ಒಂದೇ ಬಣ್ಣದಿಂದ ಹೊರಡಲಿ. ಬಿಳಿ ಧೋತ್ರದ ಒಬ್ಬ ರೈತ ಸಾಕು. ಅವನ ಮೊಣಕಾಲಿನ ಮೇಲೆ ಬಿಸಿಲು ಬಿದ್ದಿದೆ ಎಂದು ನೋಡಿದವರಿಗೆ ಅನ್ನಿಸಿದ ದಿನ ಸೀರೆಗೆ ಕೈ ಹಾಕಬಹುದು, ಆಮೇಲೆ ಮಾಚಯ್ಯನ ಒದ್ದೆ ಧೋತ್ರಕ್ಕೆ.